ವಾಂಜಿರುವಿನ ಎಡೆ

ಆಗಸ್ಟ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ಅಮೆರಿಕದ ಮೆಟುಚೆನ್ ಎಂಬ ಊರಿನ ಆ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಡ್ಡ ಬರುತ್ತ ತಿಂಡಿ ತಿನ್ನುತ್ತಿದ್ದಾಗ, ಟಿವಿಯಲ್ಲಿ ನೈರೋಬಿ ಕಾಣಿಸಿತು. ಹೊಗೆ, ಒಡೆದ ಗಾಜು, ಓಡುವ ಜನ. ಅಮೆರಿಕದ ರಾಯಭಾರ ಕಚೇರಿಗೆ ಯಾರೋ ಬಾಂಬ್ ಇಟ್ಟಿದ್ದರು. ಶಿವಪ್ರಸಾದ್ ಟ್ರೇನು ತಪ್ಪೀತೆಂದು ನಿಂತೇ ಟೋಸ್ಟ್ ಕಚ್ಚುತ್ತಿದ್ದ. ಎರಡು ಸಾವಿರದ ಇಸವಿ ಬಂದಾಗ ನ್ಯೂಯಾರ್ಕಿನ ಬ್ಯಾಂಕೊಂದರ ಕಂಪ್ಯೂಟರುಗಳಿಗೆ ತಲೆ ಕೆಡದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕಾಗಿ ಅವನ ತಲೆಯ ಮೇಲಿನ ಕೂದಲು ಈಗಾಗಲೇ ಅರ್ಧ ಹೋಗಿತ್ತು. ಅವನ ಹೆಂಡತಿ ಅಕ್ಷತಾ ಒಂದು ಕೈಯಲ್ಲಿ ಕಾರಿನ ಕೀಲಿ, ಇನ್ನೊಂದರಲ್ಲಿ ಮಗಳ ಲಂಚ್ ಬ್ಯಾಗು ಹಿಡಿದಿದ್ದಳು.

ಶಿವಪ್ರಸಾದನ ತಾಯಿ ಶೈಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಟಿವಿಯ ಮುಂದೆ ನಿಂತಳು.

"ಇದು ಗವರ್ನಮೆಂಟ್ ರೋಡ್ ಅಲ್ಲೇನ್ರಿ?"

"ಆಗಿನ ಹೆಸರು ಈಗೆಲ್ಲಿ ಇರ್ತಾವ. ಶಿವಾ, ಚಾನಲ್ ಬದಲಸು," ಎಂದರು ಅವಳ ಗಂಡ ತಿಪ್ಪಣ್ಣ ಮಾಸ್ತರರು.

"ಬದಲಸಬ್ಯಾಡ," ಎಂದಳು ಶೈಲಮ್ಮ. ತವೆಯ ಮೇಲಿನ ರೊಟ್ಟಿ ಸೀದು, ಹೊಗೆ ಪತ್ತೆ ಹಚ್ಚುವ ಯಂತ್ರ ಕಿರುಚಿಕೊಳ್ಳುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ.

ಹದಿನೇಳು ವರ್ಷದ ಹುಡುಗಿಯಾಗಿದ್ದಾಗ ಧಾರವಾಡ ಬಿಟ್ಟು, ಹಡಗು ಹತ್ತಿ ಕೀನ್ಯಾಕ್ಕೆ ಹೋದವಳು ಶೈಲಮ್ಮ. ನ್ಯೇರಿ ಎಂಬ ಊರಿನಲ್ಲಿ ಇಂಡಿಯನ್ ಮಕ್ಕಳ ಶಾಲೆಗೆ ತಿಪ್ಪಣ್ಣ ಮಾಸ್ತರರಾಗಿದ್ದರು. ಬೆಳಗಾದರೆ ದೂರದಲ್ಲಿ ಬೆಳ್ಳಗಿನ ಪರ್ವತ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಮಂಜು ಬಂದು ಅದನ್ನು ಅಳಿಸಿ ಹಾಕುತ್ತಿತ್ತು. ಆ ಗುಡ್ಡಗಳ ಒಳ್ಳೆಯ ಭೂಮಿಯನ್ನೆಲ್ಲ ಬ್ರಿಟಿಷರು ತಮ್ಮವರಿಗೆ ಹಂಚಿದ್ದರು. ಅಲ್ಲಿಯ ಕಿಕುಯು ಜನ ತಮ್ಮದೇ ನೆಲದಲ್ಲಿ ಕೂಲಿಗಳಾಗಿದ್ದರು. ಗಂಡಸರು ಬ್ರಿಟಿಷರನ್ನು ಓಡಿಸುತ್ತೇವೆಂದು ಆಣೆ ಮಾಡಿ ಕಾಡು ಸೇರಿದರು. ಸರ್ಕಾರ ಎಮರ್ಜೆನ್ಸಿ ಸಾರಿತು. ಸಂಜೆಯಾದ ಮೇಲೆ ಬೀದಿಗೆ ಬಂದ ಕಪ್ಪು ಮನುಷ್ಯನನ್ನು ಕೇಳದೆ ಗುಂಡಿಕ್ಕಬಹುದಾಗಿತ್ತು.

ಅಂಥ ದಿನಗಳಲ್ಲಿ ಶಿವಪ್ರಸಾದ್ ಹುಟ್ಟಿದ. ಶೈಲಮ್ಮನಿಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಮನೆಗೆಲಸಕ್ಕೆ ಬರುತ್ತಿದ್ದ ವಾಂಜಿರು ಎಂಬ ಕಿಕುಯು ಹೆಂಗಸು ಬೆನ್ನಿಗೆ ತನ್ನ ಕೂಸು ನ್ಯಾಂಬುರಾಳನ್ನು ಕಟ್ಟಿಕೊಂಡೇ ಬರುತ್ತಿದ್ದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು, ಒಂದು ಕಡೆ ತನ್ನ ಮಗಳನ್ನು, ಇನ್ನೊಂದು ಕಡೆ ಶಿವನನ್ನು ಇಟ್ಟುಕೊಂಡು ಹಾಲೂಡಿಸಿದಳು. ಒಂದು ವರ್ಷ ಹಾಗೆಯೇ ನಡೆಯಿತು. ಊರಿನ ಬಳಗದವರಿಗೆ ಇದು ಗೊತ್ತಾಗಕೂಡದು, ಮಗನಿಗೂ ಹೇಳಕೂಡದು ಎಂದು ಮಾಸ್ತರರು ಅಪ್ಪಣೆ ಮಾಡಿದ್ದರು. ಶೈಲಮ್ಮ ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ಬೆಳಿಗ್ಗೆ ಸಿಪಾಯಿಗಳು ಬಂದರು. ವಾಂಜಿರು ಕಾಡಿನವರಿಗೆ ಊಟ ಒಯ್ಯುತ್ತಾಳೆಂದು ಯಾರೋ ಹೇಳಿದ್ದರು. ಅವಳು ಒಯ್ಯುತ್ತಿದ್ದದ್ದು ನಿಜ, ಆ ರೊಟ್ಟಿಗಳನ್ನು ಬಡಿದು ಕೊಡುತ್ತಿದ್ದವಳು ಶೈಲಮ್ಮ. ಬೆನ್ನಿನ ಕೂಸಿನ ಸಮೇತ ಅವಳನ್ನು ಲಾರಿ ಹತ್ತಿಸಿದರು. ವಾಂಜಿರು ತುಟಿಪಿಟಕ್ಕೆನ್ನಲಿಲ್ಲ. ಶೈಲಮ್ಮನೂ ಎನ್ನಲಿಲ್ಲ. ಮಾಸ್ತರರು ಪರದೆಯ ಹಿಂದೆ ನಿಂತಿದ್ದರು. ಒಂದು ಮಾತಾಡಿದ್ದರೆ ನೌಕರಿ ಹೋಗುತ್ತಿತ್ತು.

ಮುಳ್ಳುತಂತಿಯ ಹಿಂದೆ ಹೋದವರು ತಿರುಗಿ ಬರುವುದಿಲ್ಲವೆಂದು ಬೀದಿಯ ಹೆಂಗಸರು ಹೇಳಿದರು. ಶೈಲಮ್ಮ ವರ್ಷಗಟ್ಟಲೆ ಕಾದಳು. ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದ ದಿನ ಇಡೀ ಊರು ಕುಣಿಯುವಾಗ ಗುಂಪಿನಲ್ಲಿ ಆ ಮುಖವನ್ನು ಹುಡುಕಿದಳು. ಯಾವ ಕಚೇರಿಗೂ ಹೋಗಿ ಕೇಳುವ ಧೈರ್ಯ ಆಗಲಿಲ್ಲ. ಮರುವರ್ಷದ ಮಹಾಲಯ ಅಮಾವಾಸ್ಯೆಗೆ, ಸತ್ತ ಹಿರಿಯರಿಗೆಲ್ಲ ಎಡೆ ಇಡುವಾಗ, ಸಾಲಿನ ತುದಿಗೆ ಒಂದು ಎಲೆ ಹೆಚ್ಚು ಹಾಕಿದಳು. ಅದರ ಮೇಲೆ ಗೋವಿನಜೋಳ ಮತ್ತು ಹುರುಳಿಕಾಯಿ ಬೀಜ ಕೂಡಿಸಿ ಬೇಯಿಸಿದ ವಾಂಜಿರುವಿನ ಊಟ. ಕಾಯುವುದು ಸಾಕಾಗಿತ್ತು, ಎಡೆ ಇಟ್ಟರೆ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಆ ಮನೆಯ ಪದ್ಧತಿಯಲ್ಲಿ ಯಜಮಾನನೇ ಊದಿನಕಡ್ಡಿ ಹಿಡಿದು, ಒಬ್ಬೊಬ್ಬರ ಹೆಸರು ಹಿಡಿದು, ಸಂಬಂಧ ಹೇಳಿ, ಉಣ್ಣಲು ಕರೆಯಬೇಕು. ಮಾಸ್ತರರು ಎಲ್ಲರನ್ನೂ ಕರೆದು, ಕೊನೆಯ ಎಲೆ ಬಂದಾಗ ಕೆಮ್ಮಿ ಹಿಂದೆ ಸರಿಯುತ್ತಿದ್ದರು. ವಾಂಜಿರುವನ್ನು ಶೈಲಮ್ಮ ಬಾಯೊಳಗೇ ಕರೆದುಕೊಳ್ಳುತ್ತಿದ್ದಳು. ಊರಿಗೆ ಮರಳಿದ ಮೇಲೆ ಧಾರವಾಡದಲ್ಲೂ ಹಾಗೆ, ಮಗನ ಮನೆಗೆ ಬಂದ ಎರಡು ವರ್ಷದಿಂದ ಅಮೆರಿಕದಲ್ಲೂ ಹಾಗೆ.

ನ್ಯಾಂಬುರಾಳಿಗೆ ಮಾತ್ರ ಅವಳು ಎಂದೂ ಎಲೆ ಹಾಕಲಿಲ್ಲ. ತಾಯಿ ಹೋಗಿದ್ದರೂ ಕೂಸು ಯಾರದೋ ಕೈಯಲ್ಲಿ ಬೆಳೆದಿರುತ್ತದೆ, ಈಗ ಶಿವನಷ್ಟೇ ವಯಸ್ಸು ಎಂದು ಲೆಕ್ಕ ಹಾಕುತ್ತಿದ್ದಳು. ಬಟ್ಟೆ ಮಡಚುವಾಗ, ಹಿತ್ತಲಲ್ಲಿ ಮೆಂತ್ಯಕ್ಕೆ ನೀರು ಹಾಕುವಾಗ ನ್ಯಾಂಬುರಾ ಅವಳ ಕಣ್ಣ ಮುಂದೆ ಬೆಳೆಯುತ್ತಿದ್ದಳು. ಲಂಗ ಹಾಕಿ ಶಾಲೆಗೆ ಹೋದಳು, ಮದುವೆಯಾದಳು, ದಪ್ಪಗಾದಳು, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು ಬಂದವು. ಮೆಟುಚೆನ್ ಸ್ಟೇಷನ್ನಿನಲ್ಲಿ ಉದ್ದ ಕತ್ತಿನ ಕಪ್ಪು ಹೆಂಗಸು ಇಳಿದರೆ ಶೈಲಮ್ಮ ನಿಂತು ನೋಡುತ್ತಿದ್ದಳು.

ಶನಿವಾರ, ಇಂಡಿಯನ್ ಅಂಗಡಿಗಳಿರುವ ಪಕ್ಕದೂರು ಐಸೆಲಿನ್ನಿಗೆ ಸಾಮಾನು ತರಲು ಹೋದಾಗ ಒಂದು ಅಂಗಡಿಯಲ್ಲಿ ಅವಳ ಕಿವಿ ನೆಟ್ಟಗಾಯಿತು. ಗಲ್ಲಾದ ಮೇಲಿನ ಹುಡುಗ ಫೋನಿನಲ್ಲಿ ಸ್ವಾಹಿಲಿ ಮಾತಾಡುತ್ತಿದ್ದ. ಫೋನು ಇಡುವುದನ್ನೇ ಕಾದು, ಮೂವತ್ತು ವರ್ಷದಿಂದ ಆಡದ ಭಾಷೆಯಲ್ಲಿ ಶೈಲಮ್ಮ ಕ್ಷೇಮ ಕೇಳಿದಳು. ಹುಡುಗನ ಕೈಯಿಂದ ಬದನೆಕಾಯಿ ಜಾರಿತು. ಹೆಸರು ಇಮ್ರಾನ್, ಹುಟ್ಟಿದ್ದು ನೈರೋಬಿಯಲ್ಲಿ. ಅಲ್ಲಿಯ ಮನೆಯವರೆಲ್ಲ ಕ್ಷೇಮವೆಂದು ಈಗಷ್ಟೇ ಗೊತ್ತಾಗಿತ್ತು. ತಾನು ನ್ಯೇರಿಯಲ್ಲಿದ್ದವಳೆಂದು ಶೈಲಮ್ಮ ಹೇಳಿದಳು.

"ಚಾಚಾ ಇನ್ನೂ ನ್ಯೇರಿಯಲ್ಲೇ ಇದ್ದಾರೆ ಮಾಜೀ. ಹಾರ್ಡ್‌ವೇರ್ ಅಂಗಡಿ," ಎಂದ.

ಶೈಲಮ್ಮ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು ಎಲ್ಲ ಹೇಳಿದಳು. ಹಿಂದೆ ಸಾಲುಗಟ್ಟಿ ನಿಂತವರು ಗೊಣಗಿದರು. ವಾಂಜಿರುವಿನ ಮನೆಯವರು ಯಾರಾದರೂ ಉಳಿದಿದ್ದಾರೆಯೇ, ಮಗಳು ಎಲ್ಲಿದ್ದಾಳೆ ಎಂದು ವಿಚಾರಿಸಲು ಇಮ್ರಾನ್ ಒಪ್ಪಿಕೊಂಡ.

ಮನೆಯಲ್ಲಿ ಅಷ್ಟರಲ್ಲಿ ಬೇರೆಯೇ ಬೆಂಕಿ ಹೊತ್ತಿತ್ತು. ಮಾರ್ಚ್ ತಿಂಗಳಲ್ಲಿ ಮೈಸೂರಿನಲ್ಲಿ ಅಕ್ಷತಾಳ ತಂದೆ ಗುರುಮಲ್ಲಪ್ಪನವರು ತೀರಿಕೊಂಡಿದ್ದರು. ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ, ಸಿಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಒಂದು ರಾತ್ರಿ ಊಟದ ಮೇಜಿನಲ್ಲಿ ಅವಳು ಮಾತು ತೆಗೆದಳು.

"ಮಾವಾ, ಈ ಸಲ ಅಮಾವಾಸ್ಯೆ ದಿನ ಅಪ್ಪಂಗೂ ಒಂದು ಎಡೆ ಇಡ್ತೀನಿ."

ಮಾಸ್ತರರು ಮೊಸರನ್ನ ಕಲಸುತ್ತ, "ಅದು ನಿಮ್ಮ ಅಣ್ಣನ ಮನ್ಯಾಗ ಇಡ್ತಾರ. ಕೊಟ್ಟ ಮಗಳು ಇಡೋ ಪದ್ಧತಿ ಇಲ್ಲ," ಎಂದರು.

"ಅಣ್ಣ ಇಡ್ಲಿ. ನಾನು ಇಟ್ರೆ ಏನಾಗುತ್ತೆ?"

"ನಮ್ಮ ಮನಿತನದ ಸಾಲಿನ್ಯಾಗ ಹೊರಗಿನವರು ಬರೂದಿಲ್ಲ."

ಅಕ್ಷತಾ ಚಮಚ ಕೆಳಗಿಟ್ಟಳು. "ಸರಿ. ನನ್ನ ಹೆತ್ತಪ್ಪ ಹೊರಗಿನೋರು. ಆಫ್ರಿಕಾದಲ್ಲಿ ಮುಸುರೆ ತಿಕ್ಕಿದೋಳು ಮನೆಯೋಳು. ಅವಳಿಗೆ ವರ್ಷ ವರ್ಷ ಎಲೆ ಬೀಳುತ್ತೆ, ಅಲ್ವಾ ಅತ್ತೆ?"

ಮಾತು ಶೈಲಮ್ಮನ ಎದೆಗೆ ನಾಟಿತು. ಸೊಸೆ ಕೇಳಿದ್ದು ನ್ಯಾಯವೇ. ಆದರೆ ತಾನು ಅವಳ ಪರ ಬಾಯಿ ತೆರೆದರೆ, ಮಾಸ್ತರರು ಎರಡೂ ಎಲೆ ಕಿತ್ತುಹಾಕುತ್ತಾರೆಂಬ ಭಯ. ಅವಳು ಎದ್ದು ಎಲ್ಲರಿಗೂ ಮಜ್ಜಿಗೆ ಹಾಕಿದಳು. ಅಕ್ಷತಾ ಮಜ್ಜಿಗೆ ಮುಟ್ಟಲಿಲ್ಲ.

ಅವತ್ತಿನಿಂದ ಸೊಸೆ ಬೆಳಗಿನ ಕಾಫಿಯನ್ನು ತನಗೊಬ್ಬಳಿಗೇ ಮಾಡಿಕೊಳ್ಳತೊಡಗಿದಳು. ಡಿಶ್‌ವಾಷರ್ ತುಂಬುವಾಗಿನ ಸದ್ದಿನಲ್ಲೇ ಮನೆಯವರಿಗೆ ಅವಳ ಸಿಟ್ಟು ಎಷ್ಟೆಂದು ತಿಳಿಯುತ್ತಿತ್ತು. ಶಿವಪ್ರಸಾದ್ ಅಪ್ಪ ಮತ್ತು ಹೆಂಡತಿಯ ನಡುವೆ ಸಿಕ್ಕಿ, ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ತಡವಾಗಿ ಬರುವುದನ್ನು ಕಲಿತ.

ಹದಿನೈದು ವರ್ಷದ ಮಗಳು ಭೂಮಿಕಾ ಮಾತ್ರ ಸಂಜೆ ಅಜ್ಜಿಯ ಜೊತೆ ಗೋವಿನಜೋಳದ ತೆನೆ ಸುಲಿಯಲು ಕೂತಳು.

"ಅಜ್ಜಿ, ವಾಟ್ ಡಿಡ್ ಶೀ ಡೂ? ವಾಂಜಿರು?"

"ತನ್ನ ಮಂದಿಗೆ ರೊಟ್ಟಿ ಒಯ್ದಳು, ಅಷ್ಟ. ಅದಕ್ಕ ಬ್ರಿಟಿಷರು ತಂತಿಬೇಲ್ಯಾಗ ಹಾಕಿದ್ರು. ಹೆಂಗಸರು, ಕೂಸು, ಮುದುಕ್ಯಾರು, ಊರಿಗೆ ಊರ. ಮನಿ ಸುಟ್ಟು, ಅವರ ಕಡಿಂದನ ಸುತ್ತಲೂ ಕಂದಕ ತೋಡಿಸಿದ್ರು."

"ನಮ್ಮ ಹಿಸ್ಟರಿ ಬುಕ್‌ನಲ್ಲಿ ಕೀನ್ಯಾಗೆ ಒನ್ ಪ್ಯಾರಾಗ್ರಾಫ್ ಇದೆ. ಅದ್ರಲ್ಲಿ ಸಫಾರಿನೂ ಸೇರಿದೆ."

"ಮತ್ತ, ಬರದವರು ಯಾರಂತೀ?" ಎಂದಳು ಶೈಲಮ್ಮ.

ಸೆಪ್ಟೆಂಬರ್ ಎರಡನೆಯ ವಾರ ಇಮ್ರಾನ್ ಫೋನ್ ಮಾಡಿದ. ಚಾಚಾಗೆ ಆ ಮನೆ ಸಿಕ್ಕಿತ್ತು. ಮುಂದಿನ ಭಾನುವಾರ ಚರ್ಚು ಮುಗಿಸಿ ಆ ಮನೆಯ ಒಬ್ಬ ಹೆಂಗಸು ಅಂಗಡಿಗೆ ಬರುತ್ತಾಳೆ. ಇಲ್ಲಿಯ ಬೆಳಿಗ್ಗೆ ಫೋನ್ ಮಾಡಿದರೆ ಅಲ್ಲಿ ಸಂಜೆ. ಭಾನುವಾರವೇ ಅಮಾವಾಸ್ಯೆ.

"ಯಾವ ಹೆಂಗಸು?"

"ಗೊತ್ತಿಲ್ಲ ಮಾಜೀ, ಲೈನ್ ಸರಿ ಇರಲಿಲ್ಲ."

ಗೊತ್ತಾಗುವುದೇನಿದೆ! ನ್ಯಾಂಬುರಾಳೇ. ಶೈಲಮ್ಮನಿಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಗ್ಗರಣೆಗೆ ಸಾಸಿವೆ ಹಾಕಿ ಎಣ್ಣೆ ಹಾಕುವುದನ್ನು ಮರೆತಳು. ಅವ್ವ ಒಯ್ದ ರೊಟ್ಟಿ ನನ್ನವು ಎಂದು ಆ ಮಗಳಿಗೆ ಹೇಗೆ ಹೇಳಬೇಕೆಂದು, ಸಿಂಕಿನ ಮುಂದೆ ನಿಂತು ಸ್ವಾಹಿಲಿಯಲ್ಲಿ ಉರುಹೊಡೆದಳು.

ಸುದ್ದಿ ಕೇಳಿ ಮಾಸ್ತರರು ಕೆರಳಿದರು. ಶಿವಪ್ರಸಾದ್ ಅಂದು ಮನೆಯಲ್ಲೇ ಇದ್ದ, ಅವನ ಎದುರಿಗೇ ಶುರುಮಾಡಿದರು.

"ಆ ಸುದ್ದಿ ಯಾಕ ಕೆದಕತಿ? ಹೋದದ್ದು ಹೋತು. ಈ ಸಲದಿಂದ ಆ ಎಲಿನೂ ಬ್ಯಾಡ. ಸೊಸಿಗೆ ಒಂದು ನ್ಯಾಯ, ನಿನಗೊಂದು ನ್ಯಾಯ ಆಗೂದು ಬ್ಯಾಡ. ಹೊರಗಿನವರು ಹೊರಗ."

ನಲವತ್ತು ವರ್ಷದ ಬೀಗ ಅಲ್ಲಿಗೆ ಮುರಿಯಿತು.

"ಹೊರಗಿನಾಕಿ? ಆಕಿ ಹಾಲು ಕುಡದು ಉಳದಾನ ನಿಮ್ಮ ಮಗಾ! ನನ್ನ ಎದ್ಯಾಗ ಹನಿ ಇರಲಿಲ್ಲ. ತನ್ನ ಕೂಸಿನ ಪಾಲು ತಗದು ಇವಂಗ ಕೊಟ್ಟಳು. ಆಕಿ ಹೊರಗಿನಾಕಿ ಆದ್ರ ಇವನೂ ಹೊರಗಿನವನ!"

ಶಿವಪ್ರಸಾದ್ ತಾಯಿಯ ಮುಖ ನೋಡಿದ, ತಂದೆಯ ಮುಖ ನೋಡಿದ. "ಖರೇನೇನಪಾ?" ಎಂದ. ಮಾಸ್ತರರು ಕನ್ನಡಕ ಒರೆಸತೊಡಗಿದರು. ಶಿವಪ್ರಸಾದ್ ಎದ್ದು ಗ್ಯಾರೇಜಿಗೆ ಹೋಗಿ ಯಂತ್ರ ತೆಗೆದು ಹುಲ್ಲು ಕತ್ತರಿಸಲು ಶುರುಮಾಡಿದ. ನಾಲ್ಕು ದಿನದ ಹಿಂದೆ ಕತ್ತರಿಸಿದ ಹುಲ್ಲು. ಅಕ್ಷತಾ ಕಿಟಕಿಯಿಂದ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಬಂದು, ಮೂರು ವಾರದಲ್ಲಿ ಮೊದಲ ಸಲ ಅತ್ತೆಗೂ ಸೇರಿಸಿ ಕಾಫಿ ಮಾಡಿದಳು.

"ಮುಸುರೆ ತಿಕ್ಕಿದೋಳು ಅಂದುಬಿಟ್ಟೆ ಅತ್ತೆ. ನಂಗೆ ಗೊತ್ತಿರಲಿಲ್ಲ."

"ನಿನಗ ಹೇಳಿದವರರ ಯಾರು," ಎಂದಳು ಶೈಲಮ್ಮ.

ಭಾನುವಾರ ಎಂದಿಗಿಂತ ಬೇಗ ಮನೆಯಲ್ಲಿ ಹೂರಣದ ವಾಸನೆ ಎದ್ದಿತು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕಟ್ಟಿನ ಸಾರು. ಹಾಲ್‌ನಲ್ಲಿ ಸೋಫಾ ಸರಿಸಿ, ಐಸೆಲಿನ್ನಿನಿಂದ ತಂದ ಬಾಳೆಲೆಗಳನ್ನು ಸಾಲಾಗಿ ಹಾಸಿದರು. ತುದಿಯ ಎಲೆಯಲ್ಲಿ ಗೋವಿನಜೋಳ ಮತ್ತು ಕಾಳು. ಅದನ್ನು ತೆಗೆಯಿರಿ ಎಂದು ಮಾಸ್ತರರು ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಅಕ್ಷತಾ ಯಾರನ್ನೂ ಕೇಳದೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಅಕ್ಕಿರೊಟ್ಟಿ ಇಟ್ಟು, ಪಕ್ಕಕ್ಕೆ ಒಂದು ಲೋಟ ಕಾಫಿ ಇಟ್ಟಿದ್ದಳು. ಅವಳ ಅಪ್ಪನಿಗೆ ಅಷ್ಟಾದರೆ ಸಾಕಾಗುತ್ತಿತ್ತಂತೆ.

ಶಿವಪ್ರಸಾದ್ ನಂಬರ್ ಒತ್ತಿ ಫೋನನ್ನು ತಾಯಿಯ ಕೈಗೆ ಕೊಟ್ಟ. ಮೊದಲು ಇಮ್ರಾನನ ಚಾಚಾ, ಆಮೇಲೆ ಏನೋ ಸರಿದ ಸದ್ದು, ಉಸಿರು.

"ನ್ಯಾಂಬುರಾ?" ಎಂದಳು ಶೈಲಮ್ಮ ಸ್ವಾಹಿಲಿಯಲ್ಲಿ. "ನಾನು ಶೈಲಾ. ನೀನು ಸಣ್ಣಾಕಿ ಇದ್ದಾಗ ನಿಮ್ಮವ್ವ ನಮ್ಮ ಮನೆಗೆ..."

ಆ ಕಡೆಯಿಂದ ಕೆಮ್ಮು ಬಂತು. ಮುದಿ ದನಿ.

"ಮಾಮಾ ಶಿವಾ," ಎಂದಿತು.

ಶಿವನ ತಾಯಿ ಎಂದು ಅವಳನ್ನು ಹಾಗೆ ಕರೆದವಳು ಭೂಮಿಯ ಮೇಲೆ ಒಬ್ಬಳೇ. ಶೈಲಮ್ಮ ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತಳು. ಅಡುಗೆಮನೆಯ ಹೊಗೆಯೊಳಗೆ ಹಿತ್ತಲ ಮೆಟ್ಟಿಲು, ಮಂಜು, ಒದ್ದೆ ಚಹಾ ಎಲೆಯ ವಾಸನೆ ಎಲ್ಲ ಒಮ್ಮೆಗೇ ಬಂದು ನಿಂತವು.

"ನೀನು... ನೀನೇನೇ?"

"ನಾನೇ. ಸತ್ತಿಲ್ಲ. ಮೊಣಕಾಲು ಮಾತ್ರ ಸತ್ತಿವೆ."

"ಅಯ್ಯೋ ನನ್ನವ್ವಾ, ನೀನು ಸತ್ತೀ ಅಂತ ಇಷ್ಟು ವರ್ಷ ನಿನಗೆ ಊಟ ಬಡಿಸಿದೆನಲ್ಲೇ! ಅಮಾವಾಸ್ಯೆಗೊಮ್ಮೆ, ನಮ್ಮ ಸತ್ತವರ ಸಾಲಿನಲ್ಲಿ!"

ಅರ್ಥ ಮಾಡಿಕೊಳ್ಳಲು ವಾಂಜಿರುವಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನಕ್ಕಳು, ಬಾಯಲ್ಲಿ ಹಲ್ಲಿಲ್ಲದವರ ನಗು. "ಅದಕ್ಕೇ ಇರಬೇಕು ನಾನು ಇಷ್ಟು ದಪ್ಪ ಆದದ್ದು."

ಶೈಲಮ್ಮ ಅಳುತ್ತ ನಗುತ್ತ ಮನೆಯವರಿಗೆ ಕೂಗಿ ಹೇಳಿದಳು. "ಜೀವಂತ ಇದ್ದಾಳ್ರಿ!" ಬದುಕಿದ್ದವಳಿಗೆ ಎಡೆ ಇಟ್ಟು ಅವಳ ಆಯುಷ್ಯ ತಿಂದೆನೇನೋ ಎಂದು ಮರುಗಳಿಗೆಯಲ್ಲೇ ಹಲುಬಿದಳು. "ಇಲ್ಲ ಅತ್ತೆ, ಸತ್ರು ಅಂತ ಸುದ್ದಿಯಾದ್ರೆ ಆಯಸ್ಸು ಜಾಸ್ತಿ ಆಗುತ್ತೆ," ಎಂದು ಅಕ್ಷತಾ ಅವಳ ಭುಜ ಹಿಡಿದಳು.

"ಹುಡುಗ ಇದ್ದಾನಾ?" ಎಂದು ವಾಂಜಿರು ಕೇಳುತ್ತಿದ್ದಳು.

"ಇದ್ದಾನೆ, ಇಲ್ಲೇ. ತಲೆ ಬೋಳಾಗಿದೆ."

"ನನ್ನ ಹಾಲು ಕುಡಿದವನಿಗೆ ಕೂದಲು ಉದುರಬಾರದಾಗಿತ್ತು."

"ನ್ಯಾಂಬುರಾ? ಅವಳಿಗೆ ಎಷ್ಟು ಮಕ್ಕಳು?"

ಲೈನಿನಲ್ಲಿ ಗೊರಗೊರ ಸದ್ದು. ಕಡಿದುಹೋಯಿತೇನೋ ಎಂದು ಶೈಲಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅವಳು ಕ್ಯಾಂಪಿನಲ್ಲಿ ಹೋದಳು, ಮಾಮಾ ಶಿವಾ. ಮೊದಲ ಮಳೆಗಾಲದಲ್ಲೇ. ಬೆಳಗಿನಿಂದ ಕಂದಕ ಅಗೆಸುತ್ತಿದ್ದರು. ನನಗೆ ಊಟ ಇರಲಿಲ್ಲ, ಹಾಲು ನಿಂತಿತು. ಸಿಪಾಯಿಗಳು ಬಂಡಿಯಲ್ಲಿ ಒಯ್ದರು, ಎಲ್ಲಿ ಹೂತರೆಂದು ತೋರಿಸಲಿಲ್ಲ. ಅವತ್ತಿನ ಬಂಡಿಯಲ್ಲಿ ಬೇರೆ ಮಕ್ಕಳೂ ಇದ್ದವು."

"ನನಗೆ ಊಟ ಇಟ್ಟೆ ಅಂದೆಯಲ್ಲ," ಎಂದಳು ವಾಂಜಿರು. "ಅವಳಿಗೆ ಏನು ಇಟ್ಟೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿ ಕೇಳುವ ಹಾಗೆ ಕೇಳಿದ್ದಳು.

"ಏನೂ ಇಡಲಿಲ್ಲ," ಎಂದಳು ಶೈಲಮ್ಮ. "ಅವಳು ಬದುಕಿದ್ದಾಳೆ ಅಂದುಕೊಂಡಿದ್ದೆ. ಅವಳು ಬದುಕಿದ್ದಾಳೆ ಅಂದುಕೊಂಡೇ ನಾನು ನಿದ್ದೆ ಮಾಡಿದೆ."

ಆಮೇಲೆ ಫೋನು ಶಿವಪ್ರಸಾದನ ಕೈಗೆ ಹೋಯಿತು. ಚಿಕ್ಕಂದಿನ ಸ್ವಾಹಿಲಿ ಅವನಿಗೆ ಮರೆತೇಹೋಗಿತ್ತು. ಆ ಕಡೆಯವಳು ಏನೇನೋ ಹೇಳುತ್ತಲೇ ಇದ್ದಳು, ಅವನು ಗೋಡೆಗೆ ಮುಖ ಮಾಡಿ ನಿಂತು "ಹೂಂ, ಹೂಂ" ಎನ್ನುತ್ತಿದ್ದ. ಫೋನ್ ಕಾರ್ಡಿನ ಹಣ ಮುಗಿದು ಲೈನು ಕಡಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಹಾಲ್‌ನಲ್ಲಿ ಮಾಸ್ತರರು ಹಣೆಗೆ ವಿಭೂತಿ ಹಚ್ಚಿಕೊಂಡು ಕಾಯುತ್ತಿದ್ದರು. ಶೈಲಮ್ಮ ಮುಖ ತೊಳೆದು ಬಂದು, ಕ್ಯಾಂಪಿನಲ್ಲಿ ಹಾಲಿಲ್ಲದೆ ಹೋದ ಕೂಸಿನ ಸುದ್ದಿಯನ್ನು ಎಲ್ಲರಿಗೂ ಹೇಳಿದಳು. ತುದಿಯ ಎಲೆಯನ್ನು ಎರಡು ಕೈಯಲ್ಲಿ ಎತ್ತಿ ಊಟದ ಮೇಜಿಗೆ ಒಯ್ದಿಟ್ಟು, "ಇದು ಜೀವಂತ ಇದ್ದವರ ಊಟ, ತಿನ್ನು ಯವ್ವಾ," ಎಂದು ಭೂಮಿಕಾಳ ಮುಂದೆ ಸರಿಸಿದಳು. ಅಲ್ಲಿಂದ ಅಡುಗೆಮನೆಗೆ ಹೋಗಿ ಅಕ್ಕಿರೊಟ್ಟಿಯ ತಟ್ಟೆ, ಕಾಫಿಯ ಲೋಟ ತಂದು ಸಾಲಿನಲ್ಲಿ, ಗಂಡನ ತಾಯಿಯ ಎಲೆಯ ಪಕ್ಕಕ್ಕೇ ಇಟ್ಟಳು.

"ಅಕ್ಷತಾನ ಅಪ್ಪನ್ನೂ ಕರೀರಿ. ನಾ ಮೊದಲ ಹೇಳಬೇಕಿತ್ತು, ಹೇಳಲಿಲ್ಲ."

ಅಕ್ಷತಾ ಸೆರಗಿಲ್ಲದ ಚೂಡಿದಾರದ ವೇಲನ್ನು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ಸೊಸೆಯನ್ನು ನೋಡಿದರು.

ಶಿವಪ್ರಸಾದ್ ಫ್ರಿಜ್ಜಿನಿಂದ ಹಾಲಿನ ಡಬ್ಬಿ ತೆಗೆದ. ಒಂದು ಬಟ್ಟಲಿಗೆ ಸುರಿದು ಉಗುರುಬೆಚ್ಚಗೆ ಕಾಯಿಸಿ, ಬೆರಳು ಅದ್ದಿ ನೋಡಿದ. ಖಾಲಿಯಾದ ಜಾಗದಲ್ಲಿ ತಂದಿಟ್ಟು ಅಲ್ಲೇ ಕೂತುಬಿಟ್ಟ.

ಮಾಸ್ತರರು ಊದಿನಕಡ್ಡಿ ಹಚ್ಚಿದರು. "ನಮ್ಮಪ್ಪ ಚನ್ನಬಸಪ್ಪ, ಉಣ್ಣಾಕ ಬಾ. ನಮ್ಮವ್ವ ಗಂಗವ್ವ, ಉಣ್ಣಾಕ ಬಾ." ಅಕ್ಕಿರೊಟ್ಟಿಯ ಮುಂದೆ ನಿಂತು, "ಬೀಗರು ಗುರುಮಲ್ಲಪ್ಪನವರು, ಉಣ್ಣಾಕ ಬರ್ರಿ," ಎಂದರು. ಹಾಲಿನ ಬಟ್ಟಲು ಬಂತು. ಅಭ್ಯಾಸದಂತೆ ಕೆಮ್ಮಿ, ಒಂದು ಹೆಜ್ಜೆ ಹಿಂದೆ ಸರಿದರು. ನಡುವಯಸ್ಸಿನ ಮಗ ನೆಲದ ಮೇಲೆ ಕೂತು ಅವರನ್ನೇ ನೋಡುತ್ತಿದ್ದ. ಮಾಸ್ತರರು ಮತ್ತೆ ಮುಂದೆ ಬಂದರು.

"ಆ ಕೂಸಿನ ಹೆಸರು ಏನಂದಿ?"

ಒಂದು ವರ್ಷ ಅವರ ಹಿತ್ತಲಲ್ಲಿ ಅಂಬೆಗಾಲಿಟ್ಟ ಮಗು. ಅದರ ಹೆಸರು ಅವರಿಗೆ ಗೊತ್ತಿರಲಿಲ್ಲ.

"ನ್ಯಾಂಬುರಾ."

"ನಂಬೂರಾ," ಎಂದರು ಮಾಸ್ತರರು.

"ಸರಿಯಾಗಿ ಕರೀರಿ," ಎಂದಳು ಶೈಲಮ್ಮ. "ಕೂಸಿಗೆ ಮಾತು ಬರತಿರಲಿಲ್ಲ. ತನ್ನ ಹೆಸರೊಂದ ಗೊತ್ತಿತ್ತು."

ಮಾಸ್ತರರ ಕೈಯಲ್ಲಿದ್ದ ಊದಿನಕಡ್ಡಿಯ ಬೂದಿ ಕಾರ್ಪೆಟ್ಟಿನ ಮೇಲೆ ಬಿತ್ತು. ಅವರು ನಿಧಾನವಾಗಿ, ಅಕ್ಷರ ಕಲಿಯುವವರ ಹಾಗೆ, ಕರೆದರು.

"ನಮ್ಮ ಮನಿ ಮಗಳು... ನ್ಯಾಂಬುರಾ. ಉಣ್ಣಾಕ ಬಾ ಯವ್ವಾ."